ಬಿಡಿ ವಚನದಿಂದ ಇಡೀ ಪುಸ್ತಕಕ್ಕೆ: ಸತ್ಯವೇದವನ್ನೂ ಒಳ್ಳೆಯ ಪುಸ್ತಕಗಳನ್ನೂ ಓದುವ ಕ್ರಮ

ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿದ ಮೇಲೆ ಅನೇಕ ಸಭೆಗಳಲ್ಲಿ ವಾಗ್ದಾನದ ಕಾರ್ಡು ಹಂಚುತ್ತಾರೆ. ಒಂದು ಚೀಟಿ, ಅದರಲ್ಲೊಂದು ವಚನ. ವರ್ಷವಿಡೀ ಅದು ಫ್ರಿಜ್ಜಿನ ಬಾಗಿಲಿಗೋ ದೇವರ ವಾಕ್ಯದ ಕ್ಯಾಲೆಂಡರಿನ ಪಕ್ಕದ ಗೋಡೆಗೋ ಅಂಟಿಕೊಂಡಿರುತ್ತದೆ. ಯೆರೆಮೀಯ 29:11 ಇಂಥ ಕಾರ್ಡುಗಳ ಅಚ್ಚುಮೆಚ್ಚು: ನಿಮಗೆ ಹಿತವನ್ನೇ ಯೋಚಿಸುತ್ತಿದ್ದೇನೆ, ಒಳ್ಳೆಯ ಗತಿಯೂ ನಿರೀಕ್ಷೆಯೂ ಇದೆ ಎಂಬ ಮಾತು. ಆದರೆ ಅದರ ಹಿಂದಿನ ವಚನವನ್ನು ಕಾರ್ಡು ಅಚ್ಚು ಮಾಡುವುದಿಲ್ಲ. ಅಲ್ಲಿ ದೇವರು ಹೇಳುವುದು ಎಪ್ಪತ್ತು ವರ್ಷ ಕಾಯಿರಿ ಎಂದು. ಬಾಬೆಲಿಗೆ ಸೆರೆಹೋದವರಿಗೆ ಬರೆದ ಕಾಗದ ಅದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು 5ರಿಂದ 7ನೇ ವಚನದವರೆಗೆ ಹೇಳಿದೆ. ಕಾಗದವನ್ನು ಮೊದಲು ಕೇಳಿಸಿಕೊಂಡ ದೊಡ್ಡವರಲ್ಲಿ ಬಹುಪಾಲು ಜನ ಊರು ನೋಡದೆಯೇ ಸಾಯುವವರು. ಇಷ್ಟು ತಿಳಿದ ಮೇಲೆ ಆ ವಾಗ್ದಾನದ ತೂಕವೇ ಬೇರೆ.

ನಮ್ಮಲ್ಲಿ ವಚನ ಬಲ್ಲವರು ಬಹಳ, ಪುಸ್ತಕ ಬಲ್ಲವರು ಕಡಿಮೆ. ಈ ಮಾರ್ಗದರ್ಶಿ ಇರುವುದು ಆ ಎರಡನೆಯದಕ್ಕೆ.

ಯಾವ ಅನುವಾದ?

ಕನ್ನಡದಲ್ಲಿ ಸತ್ಯವೇದಕ್ಕೆ ಇನ್ನೂರು ವರ್ಷದ ಹಾದಿ ಇದೆ. ಬಳ್ಳಾರಿಯಲ್ಲಿ ಕೆಲಸ ಮಾಡಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಗ್ರಂಥ ಕನ್ನಡಕ್ಕೆ ಬಂದಿತ್ತು. ಆಮೇಲೆ ಹಲವು ಸಲ ತಿದ್ದುಪಡಿಯಾಗಿ, ಇಂದು ಪ್ರಾಟೆಸ್ಟಂಟ್ ಮನೆಗಳಲ್ಲಿ ‘ಸತ್ಯವೇದವು’ ಎಂದು ಕಾಣುವ ಹಳೆಯ ಅನುವಾದ ಉಳಿದುಬಂದಿದೆ. ಅದರ ಕನ್ನಡಕ್ಕೆ ಗಾಂಭೀರ್ಯವಿದೆ, ಬಾಯಿಪಾಠಕ್ಕೆ ಒಗ್ಗುತ್ತದೆ. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು’ ಎಂಬ ಸಾಲನ್ನು ಇನ್ನಷ್ಟು ಚಿಕ್ಕದಾಗಿ ಹೇಳಲು ಯಾರಿಂದಾದರೂ ಆದೀತೇ? ಆದರೆ ಪೌಲನ ಪತ್ರಿಕೆಗಳಿಗೆ ಬಂದಾಗ ವಾಕ್ಯಗಳು ಉದ್ದ, ಉಸಿರು ಕಟ್ಟುತ್ತದೆ. ಅಲ್ಲಿಗೆ ಆಡುಮಾತಿಗೆ ಹತ್ತಿರದ ಸಿ.ಎಲ್. (ಕಾಮನ್ ಲ್ಯಾಂಗ್ವೇಜ್) ಅನುವಾದವೋ ‘ಪರಿಶುದ್ಧ ಬೈಬಲ್’ ಎಂಬ ಸರಳ ಅನುವಾದವೋ ನೆರವಿಗೆ ಬರುತ್ತದೆ.

ಎರಡು ಇಟ್ಟುಕೊಳ್ಳಿ. ದಿನದ ಓದಿಗೆ ಒಂದು, ತಿಳಿಯದ ಕಡೆ ಹೋಲಿಸಲು ಇನ್ನೊಂದು. ಮೂರು ನಾಲ್ಕು ಹರಡಿಕೊಂಡು ಕೂತರೆ ಓದು ಹೋಗಿ ಹೋಲಿಕೆಯೇ ಉಳಿಯುತ್ತದೆ. ಹೋಲಿಸುವಾಗ ಗಾಬರಿಯಾಗದಿರಲು ಎರಡು ಸಂಗತಿ ಗೊತ್ತಿರಲಿ: ಹಳೆಯದರಲ್ಲಿ ‘ಯೆಹೋವ’ ಎಂದಿರುವ ಕಡೆ ಸಿ.ಎಲ್.ನಲ್ಲಿ ‘ಸರ್ವೇಶ್ವರ’ ಎಂದಿರಬಹುದು, ‘ಸುವಾರ್ತೆ’ ಇದ್ದಲ್ಲಿ ‘ಶುಭಸಂದೇಶ’. ಪ್ರಾಟೆಸ್ಟಂಟ್ ಪ್ರತಿಯಲ್ಲಿ 66 ಪುಸ್ತಕ, ಕಥೋಲಿಕ ಪ್ರತಿಯಲ್ಲಿ ತೋಬಿತ, ಮಕ್ಕಬಿಯರು ಮುಂತಾದ ಏಳು ಸೇರಿ 73. ನಿಮ್ಮ ಸಭೆ ಯಾವುದೋ ಆ ಪ್ರತಿಯಿಂದ ಓದಿ. ಕೆಳಗಿನ ಲೆಕ್ಕ 66ರದು.

ಕೊಳ್ಳುವಾಗ ಅಂಗಡಿಯಲ್ಲೇ ನಿಂತು ಒಂದು ಪುಟ ಓದಿ ನೋಡಿ. ಕೈಗೆ ಹಗುರವೆಂದು ಸಣ್ಣ ಅಕ್ಷರದ ಪ್ರತಿ ತಂದು, ಸಂಜೆ ಬೆಳಕಿನಲ್ಲಿ ಕಣ್ಣು ಸೋತು, ಓದು ನಿಂತುಹೋಗುವುದು ಸಾಮಾನ್ಯ. ನಲವತ್ತು ದಾಟಿದವರು ದಪ್ಪಕ್ಷರದ್ದೇ ಕೊಳ್ಳಲಿ. ಉಲ್ಲೇಖ ವಚನಗಳು ಪುಟದ ಅಂಚಿನಲ್ಲೋ ಕೆಳಗೋ ಇರುವ ಪ್ರತಿಗೆ ಕೊಂಚ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಮೊಬೈಲಿನಲ್ಲಿ ಓದಬಾರದೇ? ಬಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಓದಿ. ಹುಡುಕಲು ಅದಕ್ಕಿಂತ ವೇಗದ ಸಾಧನವಿಲ್ಲ. ಆದರೆ ವಚನದ ಹಿಂದೆ ಮುಂದೆ ಏನಿದೆ ಎಂಬುದು ಆ ಚಿಕ್ಕ ಪರದೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಕಾರ್ಡಿನ ಕಾಯಿಲೆಯೇ ಅಲ್ಲೂ ಇದೆ. ಮನೆಯ ಓದಿಗೆ ಕಾಗದದ ಪ್ರತಿಯೇ ಇರಲಿ.

ಪೆನ್ಸಿಲ್, ನೋಟ್‌ಬುಕ್

ಸತ್ಯವೇದದ ಕಾಗದ ಬಹಳ ತೆಳು. ಜೆಲ್ ಪೆನ್ನಿನ ಮಸಿ ಹಿಂಬದಿಗೆ ಇಳಿದು ಎರಡೂ ಪುಟ ಕೆಡುತ್ತವೆ. ಹೈಲೈಟರ್ ಇನ್ನೂ ಕೆಟ್ಟದ್ದು. ಎಚ್‌ಬಿ ಪೆನ್ಸಿಲ್ ಒಂದು, ಬೇಕಾದರೆ ಬಣ್ಣದ ಪೆನ್ಸಿಲ್ ಎರಡು ಸಾಕು. ಪುಟ ತುಂಬ ಗೆರೆ ಎಳೆದರೆ ಗೆರೆಗೆ ಅರ್ಥವೇ ಉಳಿಯದು. ಅಧ್ಯಾಯಕ್ಕೆ ಎರಡು ಗೆರೆಯ ಮಿತಿ ಹಾಕಿಕೊಳ್ಳಿ. ಜೊತೆಗೆ 200 ಪುಟದ ಗೆರೆಯ ನೋಟ್‌ಬುಕ್. ದಿನಕ್ಕೆ ಅರ್ಧ ಪುಟ ಬರೆದರೆ, ವಾರಕ್ಕೆ ಐದು ದಿನದ ಲೆಕ್ಕದಲ್ಲಿ ಒಂದು ಪುಸ್ತಕ ಒಂದೂವರೆ ವರ್ಷ ಬರುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಸತ್ಯವೇದವನ್ನು ಜಿಪ್ ಕವರಿನೊಳಗೆ ತಿಂಗಳುಗಟ್ಟಲೆ ಮುಚ್ಚಿಡಬೇಡಿ, ಬೂಷ್ಟು ಹಿಡಿಯುತ್ತದೆ. ದಿನಾ ತೆರೆಯುವ ಪುಸ್ತಕಕ್ಕೆ ಆ ಭಯವಿಲ್ಲ.

ಎಷ್ಟು, ಯಾವ ಕ್ರಮದಲ್ಲಿ

ಹಳೆಯ ಒಡಂಬಡಿಕೆಯಲ್ಲಿ 929 ಅಧ್ಯಾಯ, ಹೊಸದರಲ್ಲಿ 260, ಒಟ್ಟು 1,189. ವಾರದ ಆರು ದಿನ ಮೂರು ಅಧ್ಯಾಯ, ಭಾನುವಾರ ಐದು ಓದಿದರೆ ವರ್ಷದಲ್ಲಿ ಮುಗಿಯುತ್ತದೆ. ಸ್ಕಾಟ್ಲೆಂಡಿನ ಡಂಡಿ ಪಟ್ಟಣದ ಸಭಾಪಾಲಕ ರಾಬರ್ಟ್ ಮರೆ ಮೆಕ್‌ಷೇನ್ 1842ರಲ್ಲಿ ತನ್ನ ಸಭೆಗೆ ಹಾಕಿಕೊಟ್ಟ ಪಟ್ಟಿ ಇನ್ನೂ ಬಿಗಿ: ದಿನಕ್ಕೆ ಸುಮಾರು ನಾಲ್ಕು ಅಧ್ಯಾಯ, ವರ್ಷದಲ್ಲಿ ಹಳೆಯದು ಒಮ್ಮೆ, ಹೊಸದೂ ಕೀರ್ತನೆಗಳೂ ಎರಡು ಸಲ. ಓದಿ ಪಳಗಿದವರಿಗೆ ಇವು ಸರಿ. ಮೊದಲ ಸಲ ಶುರುಮಾಡುವವರಿಗೆ ಇವನ್ನು ಕೊಡುವುದು ಎಂದೂ ಓಡದವನನ್ನು ಮ್ಯಾರಥಾನಿಗೆ ಇಳಿಸಿದಂತೆ. ಫೆಬ್ರವರಿಯಲ್ಲಿ ಕೈಬಿಟ್ಟು, ಡಿಸೆಂಬರಿನವರೆಗೂ ತಪ್ಪಿತಸ್ಥ ಭಾವದಲ್ಲಿ ಕಳೆಯುತ್ತಾರೆ.

ಮೊದಲ ವರ್ಷಕ್ಕೆ ನಮ್ಮ ಸಲಹೆ ಬೇರೆ. ವಾರಕ್ಕೆ ಐದು ದಿನ, ದಿನಕ್ಕೆ ಒಂದೇ ಅಧ್ಯಾಯ, ಈ ಕ್ರಮದಲ್ಲಿ: ಮಾರ್ಕ (16), ಆದಿಕಾಂಡ (50), ವಿಮೋಚನಕಾಂಡ (40), ಲೂಕ (24), ಅಪೊಸ್ತಲರ ಕೃತ್ಯಗಳು (28), ಸಮುವೇಲನ ಎರಡು ಪುಸ್ತಕಗಳು (55), ಯೋಹಾನ (21), ರೋಮಾಪುರದವರಿಗೆ (16). ಒಟ್ಟು 250 ಅಧ್ಯಾಯ, ಅಂದರೆ ಸರಿಯಾಗಿ 50 ವಾರ. ಉಳಿದ ಎರಡು ವಾರ ಜ್ವರಕ್ಕೆ, ಮದುವೆಗೆ, ಪ್ರಯಾಣಕ್ಕೆ. ಇದರ ಜೊತೆ ದಿನಕ್ಕೊಂದು ಕೀರ್ತನೆ. 119ನೇ ಕೀರ್ತನೆಗೆ 176 ವಚನ, ಅದನ್ನು ಮಾತ್ರ ಎಂಟೆಂಟು ವಚನದ ಭಾಗವಾಗಿ ಬಿಡಿಸಿಕೊಳ್ಳಿ. ಕೀರ್ತನೆ ಮುಗಿದ ಮೇಲೆ ಜ್ಞಾನೋಕ್ತಿಗಳ 31 ಅಧ್ಯಾಯ.

ಕ್ರಮ ಹೀಗೇಕೆ? ನಾಲ್ಕು ಸುವಾರ್ತೆಯನ್ನು ಒಂದರ ಬೆನ್ನಿಗೊಂದು ಓದಿದರೆ ಯಾವ ಮಾತು ಯಾರು ಬರೆದದ್ದು ಎಂಬುದು ಕಲಸಿಹೋಗುತ್ತದೆ. ನಡುವೆ ಬೇರೆ ಪುಸ್ತಕ ಬಂದರೆ ಪ್ರತಿಯೊಬ್ಬನ ದನಿ ಬೇರೆಯಾಗಿ ಕೇಳುತ್ತದೆ. ಲೂಕ, ಕೃತ್ಯಗಳು ಒಬ್ಬನೇ ಬರೆದ ಎರಡು ಭಾಗ, ಅವು ಒಟ್ಟಿಗಿರಬೇಕು. ದಾವೀದನ ಕಥೆ ತಿಳಿಯದೆ ‘ದಾವೀದನ ಕುಮಾರನೇ’ ಎಂಬ ಕೂಗು ಬರೀ ಬಿರುದಾಗಿ ಉಳಿಯುತ್ತದೆ. ಉಳಿದ ಪುಸ್ತಕಗಳನ್ನು ಇದೇ ವೇಗದಲ್ಲಿ ಓದಿದರೆ ಇನ್ನು ಮೂರು ವರ್ಷ ಬೇಕು. ಬೇಕಾದರೆ ಬೇಕು.

ಪ್ರತಿ ಪುಸ್ತಕ ಶುರುಮಾಡುವ ಮುಂಚೆ ಸಾಧ್ಯವಾದರೆ ಒಂದು ಭಾನುವಾರ ಅದನ್ನು ಒಂದೇ ಕೂತಿನಲ್ಲಿ ಓದಿ. ಮಾರ್ಕನದಕ್ಕೆ ಒಂದೂವರೆ ಎರಡು ಗಂಟೆ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಗೆ ಅರ್ಧ ಗಂಟೆಯೂ ಬೇಡ. ಕಾಗದವನ್ನು ಯಾರೂ ಕಂತಿನಲ್ಲಿ ಓದುವುದಿಲ್ಲ.

ದಿನದ ಇಪ್ಪತ್ತೈದು ನಿಮಿಷ

ಮೊದಲ ಎರಡು ನಿಮಿಷ ಸುಮ್ಮನೆ ಕೂತು, ಚಿಕ್ಕ ಪ್ರಾರ್ಥನೆ. ನಂತರ ಎಂಟು ನಿಮಿಷ ಅಧ್ಯಾಯವನ್ನು ಗಟ್ಟಿಯಾಗಿ ಓದಿ. ಐಥಿಯೋಪ್ಯದ ಅಧಿಕಾರಿ ರಥದಲ್ಲಿ ಕೂತು ಯೆಶಾಯನನ್ನು ಓದುತ್ತಿದ್ದದ್ದು ಹೊರಗಿದ್ದ ಫಿಲಿಪ್ಪನಿಗೆ ಕೇಳಿಸಿದ್ದು ಆತ ಬಾಯಿಬಿಟ್ಟು ಓದುತ್ತಿದ್ದುದರಿಂದಲೇ (ಕೃತ್ಯಗಳು 8:30). ಜಗಲಿಯ ಮೇಲೆ ಕುಮಾರವ್ಯಾಸನನ್ನು ರಾಗವಾಗಿ ಓದಿಸಿ ಕೇಳಿದ ನಾಡಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕಣ್ಣು ಹಾರಿಸುವ ಪದವನ್ನು ನಾಲಿಗೆ ಹಾರಿಸಲಾರದು.

ಆಮೇಲೆ ಆರು ನಿಮಿಷ ಅದನ್ನೇ ಮನಸ್ಸಿನಲ್ಲಿ, ಪೆನ್ಸಿಲ್ ಹಿಡಿದು ಓದಿ. ಐದು ನಿಮಿಷ ಬರೆಯಿರಿ: ಯಾರು ಯಾರಿಗೆ ಹೇಳುತ್ತಿದ್ದಾರೆ, ಇದಕ್ಕೆ ಮುಂಚೆ ಏನಾಗಿತ್ತು, ದೇವರ ಬಗ್ಗೆ ಇಲ್ಲಿ ಏನು ತಿಳಿಯುತ್ತದೆ, ತಿಳಿಯದೆ ಉಳಿದದ್ದೇನು. ‘ನನಗೆ ಇದರಲ್ಲಿ ಏನಿದೆ’ ಎಂಬ ಪ್ರಶ್ನೆ ಈ ನಾಲ್ಕರ ನಂತರವೇ ಬರಲಿ. ಮೊದಲೇ ಬಂದರೆ ಗೊಲ್ಯಾತನ ಕಥೆಯಲ್ಲಿ ದಾವೀದ ಮಾಯವಾಗಿ ನಮ್ಮ ಆಫೀಸಿನ ತೊಂದರೆಯೇ ತುಂಬಿಕೊಳ್ಳುತ್ತದೆ. ತಿಳಿಯದ್ದನ್ನು ಬರೆದಿಡುವ ನಾಲ್ಕನೆಯ ಸಾಲನ್ನು ಜನ ಬಿಟ್ಟುಬಿಡುತ್ತಾರೆ. ಆದರೆ ವರ್ಷದ ಕೊನೆಗೆ ಅತಿ ಬೆಲೆಯ ಸಾಲು ಅದೇ, ಯಾವ ಪುಸ್ತಕ ಕೊಳ್ಳಬೇಕೆಂದು ಹೇಳುವುದೂ ಅದೇ.

ಕೊನೆಯ ನಾಲ್ಕು ನಿಮಿಷ, ಓದಿದ್ದನ್ನೇ ಹಿಡಿದು ಪ್ರಾರ್ಥನೆ. ಓದು, ಧ್ಯಾನ, ಪ್ರಾರ್ಥನೆ, ದೇವರೆದುರು ಮೌನ ಎಂಬ ನಾಲ್ಕು ಮೆಟ್ಟಿಲಿನ ಏಣಿಯನ್ನು 12ನೇ ಶತಮಾನದಲ್ಲೇ ಕಾರ್ಥೂಸಿಯನ್ ಸನ್ಯಾಸಿ ಎರಡನೆಯ ಗೀಗೊ ಹೇಳಿಟ್ಟಿದ್ದಾನೆ. ಮೇಲಿನ ಮೆಟ್ಟಿಲಿಗೆ ಹಾರಲು ಹೋದವರು ಬೀಳುತ್ತಾರೆ ಎಂಬುದು ಏಣಿ ಬಲ್ಲ ಯಾರಿಗಾದರೂ ಗೊತ್ತು.

ಒಂದು ಎಚ್ಚರಿಕೆ. ಅಧ್ಯಾಯಗಳ ಗಡಿ ಮೂಲ ಲೇಖಕರದಲ್ಲ. ಇಂದಿನ ಅಧ್ಯಾಯಗಳು 13ನೇ ಶತಮಾನದ ಸ್ಟೀಫನ್ ಲ್ಯಾಂಗ್ಟನ್ ಮಾಡಿದ ವಿಂಗಡಣೆ. ಹೊಸ ಒಡಂಬಡಿಕೆಯ ವಚನಸಂಖ್ಯೆ 1551ರಲ್ಲಿ ಮುದ್ರಕ ರೋಬೇರ್ ಎಸ್ತಿಯೆನ್ ಹಾಕಿದ್ದು. ಕೆಲವು ಕಡೆ ಕತ್ತರಿ ತಪ್ಪಾಗಿ ಬಿದ್ದಿದೆ. ಯೆಶಾಯ 53ನ್ನು ಓದುವವರು 52:13ರಿಂದ ಶುರುಮಾಡಬೇಕು. ಮಾರ್ಕ 8ರ ಕೊನೆಯ ಮಾತು ಮುಗಿಯುವುದು 9:1ರಲ್ಲಿ.

ಎಲ್ಲಿ ಗಾಡಿ ಹೂತುಕೊಳ್ಳುತ್ತದೆ

ಬಹುತೇಕ ಎಲ್ಲರೂ ಒಂದೇ ಜಾಗದಲ್ಲಿ ನಿಲ್ಲುತ್ತಾರೆ: ವಿಮೋಚನಕಾಂಡ 25. ಅಲ್ಲಿಯವರೆಗೆ ಓಡುತ್ತಿದ್ದ ಕಥೆ ತಟ್ಟನೆ ಮೊಳದ ಲೆಕ್ಕ, ಪರದೆ, ಗೂಟ, ಬಳೆಗಳಿಗೆ ತಿರುಗುತ್ತದೆ. ದಾಟುವ ಉಪಾಯ ಇದು: 25ರಿಂದ 31 ಗುಡಾರ ಕಟ್ಟುವ ಅಪ್ಪಣೆ, 35ರಿಂದ 40 ಅದನ್ನು ಕಟ್ಟಿದ ವರದಿ. ಎರಡೂ ಹೆಚ್ಚುಕಡಿಮೆ ಒಂದೇ. ನಡುವಿನ 32ರಿಂದ 34ರಲ್ಲಿ ಚಿನ್ನದ ಬಸವನ ಕಥೆ. ದೇವರು ಜನರ ನಡುವೆ ವಾಸಿಸುವ ಗುಡಾರದ ನಕ್ಷೆ ಕೊಡುತ್ತಿರುವಾಗಲೇ ಕೆಳಗೆ ಜನ ಬೇರೆ ದೇವರನ್ನು ಎರಕ ಹೊಯ್ಯುತ್ತಿದ್ದಾರೆ. ಆದರೂ ಗುಡಾರ ಎದ್ದುನಿಲ್ಲುತ್ತದೆ. ಇದು ಕಂಡರೆ ಗೂಟಗಳ ಪಟ್ಟಿಯೂ ಓದಿಸಿಕೊಳ್ಳುತ್ತದೆ. ಒಂದು ಹಾಳೆಯಲ್ಲಿ ಗುಡಾರದ ನಕ್ಷೆ ಬರೆಯುತ್ತಾ ಓದಿ, ಮಕ್ಕಳಿದ್ದರೆ ಅವರ ಕೈಲೇ ಬರೆಸಿ.

ಎರಡನೆಯ ಕೆಸರು ಯಾಜಕಕಾಂಡ. ಐದು ತುಂಡು ಮಾಡಿ: ಯಜ್ಞಗಳು (1–7), ಯಾಜಕರು (8–10), ಶುದ್ಧಾಶುದ್ಧ (11–15), ದೋಷಪರಿಹಾರದ ದಿನ (16), ಪರಿಶುದ್ಧ ಬದುಕು (17–27). 16ನ್ನು ಓದಿದ ದಿನವೇ ಇಬ್ರಿಯರಿಗೆ 9 ಮತ್ತು 10ನ್ನು ಓದಿ, ಬೀಗ ತಾನಾಗಿ ತೆರೆಯುತ್ತದೆ. ‘ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು’ ಎಂಬ ಮಾತು ಮೊದಲು ಬರುವುದೂ ಇದೇ ಒಣಪುಸ್ತಕದ 19:18ರಲ್ಲಿ.

ಮೂರನೆಯದು ಪ್ರವಾದಿಗಳು. ಇಲ್ಲಿ ಓದುಗರ ತಪ್ಪಿಲ್ಲ, ಜೋಡಣೆಯೇ ಕಾಲಕ್ರಮದಲ್ಲಿಲ್ಲ. ಪ್ರವಾದಿಯನ್ನು ಅವನ ಕಾಲದ ಇತಿಹಾಸದ ಜೊತೆ ಕಟ್ಟಿ ಓದಬೇಕು. ಆಮೋಸನಿಗೆ ಮುಂಚೆ 2 ಅರಸುಗಳು 14:23–29, ಯೆಶಾಯ 36–39ರ ಪಕ್ಕ 2 ಅರಸುಗಳು 18–20, ಹಗ್ಗಾಯನಿಗೆ ಎಜ್ರ 5. ಪೌಲನ ಪತ್ರಿಕೆಗಳೂ ಹಾಗೇ, ಅವು ಸುಮಾರಾಗಿ ಉದ್ದದ ಲೆಕ್ಕದಲ್ಲಿ ಜೋಡಣೆಯಾದವು. ಫಿಲಿಪ್ಪಿಯವರಿಗೆ ಬರೆದದ್ದನ್ನು ಕೃತ್ಯಗಳು 16ರ ಜೊತೆ ಓದಿದರೆ ಸೆರೆಮನೆಯಲ್ಲಿ ಹಾಡಿದವನೇ ‘ಸಂತೋಷಪಡಿರಿ’ ಎಂದು ಬರೆಯುತ್ತಿದ್ದಾನೆ ಎಂಬುದು ಕಾಣುತ್ತದೆ. ‘ಎಲ್ಲಕ್ಕೂ ಶಕ್ತನಾಗಿದ್ದೇನೆ’ ಎಂಬ 4:13 ಪರೀಕ್ಷೆಯಲ್ಲಿ ರ‍್ಯಾಂಕ್ ಬರುವ ಮಾತಲ್ಲ. ಹಿಂದಿನ ವಚನ ಹಸಿವು, ಕೊರತೆಯ ಬಗ್ಗೆ ಇದೆ.

ವಂಶಾವಳಿಗಳನ್ನು ವೇಗವಾಗಿ ಓದಿದರೆ ಪಾಪವಿಲ್ಲ. ಪಟ್ಟಿಯ ಓಟ ಎಲ್ಲಿ ಮುರಿಯುತ್ತದೆ ಅಲ್ಲಿ ಮಾತ್ರ ನಿಲ್ಲಿ. ಮತ್ತಾಯ 1ರಲ್ಲಿ ಗಂಡಸರ ಸಾಲಿನ ನಡುವೆ ತಾಮಾರ, ರಾಹಾಬ, ರೂತ, ಊರೀಯನ ಹೆಂಡತಿ ಬರುವಂತೆ.

ಪದ ಅದೇ, ಅರ್ಥ ಬೇರೆ

ಹಳೆಯ ಅನುವಾದದಲ್ಲಿ ಕಷ್ಟ ಕೊಡುವುದು ಗೊತ್ತಿಲ್ಲದ ಪದಗಳಿಗಿಂತ ಗೊತ್ತಿದೆ ಎಂದುಕೊಂಡ ಪದಗಳು. ‘ಶಿಕ್ಷೆ’ ಎಂದರೆ ಇಂದು ನಮಗೆ ಜೈಲು, ದಂಡ. ಅಲ್ಲಿ ಹಲವೆಡೆ ಅದು ತರಬೇತಿ, ಶಿಕ್ಷಣ. 2 ತಿಮೊಥೆ 3:16ರ ‘ನೀತಿಶಿಕ್ಷೆ’ ಯಾರನ್ನೂ ಹೊಡೆಯುವುದಲ್ಲ, ನೀತಿಯಲ್ಲಿ ಪಳಗಿಸುವುದು. ‘ನೀತಿ’ಯೂ ನೀತಿಪಾಠದ ನೀತಿಯಲ್ಲ, ದೇವರೆದುರು ಸರಿಯಾಗಿ ನಿಲ್ಲುವುದು. ‘ಸಭೆ’ ಮೀಟಿಂಗ್ ಅಲ್ಲ. ರೋಮಾಪುರದವರಿಗೆ 8ರ ‘ಶರೀರಭಾವ’ವನ್ನು ಮೈಯೇ ಕೆಟ್ಟದ್ದೆಂದು ಓದಿಕೊಂಡವರಿದ್ದಾರೆ, ಅದು ದೇವರನ್ನು ಬಿಟ್ಟ ಮನುಷ್ಯಸ್ವಭಾವ. ಒಂದೇ ಪದಕ್ಕೆ ಎರಡು ಮುಖವೂ ಉಂಟು: ಯೋಹಾನ 3:16ರಲ್ಲಿ ದೇವರು ಪ್ರೀತಿಸಿದ್ದು ಲೋಕವನ್ನು, 1 ಯೋಹಾನ 2:15 ಪ್ರೀತಿಸಬೇಡಿ ಎನ್ನುವುದೂ ಲೋಕವನ್ನೇ. ನೋಟ್‌ಬುಕ್ಕಿನ ಕೊನೆಯ ಹತ್ತು ಪುಟ ಇಂಥ ಪದಗಳಿಗೆ ಮೀಸಲಿಡಿ. ಹಳೆಯ ಪದಕ್ಕೆ 1894ರ ಕಿಟ್ಟೆಲ್ ನಿಘಂಟು ಇನ್ನೂ ಕೈಕೊಡುವುದಿಲ್ಲ. ಬಾಸೆಲ್ ಮಿಷನ್ನಿನ ಆ ಪಾದ್ರಿಯ ಕೆಲಸವನ್ನು ಕನ್ನಡಿಗರೆಲ್ಲ ಬಳಸಿದರು, ಅವನ ಸಭೆಯವರೇ ಮರೆಯುವುದು ಸರಿಯೇ?

ಮನೆಮಂದಿಯ ಓದು

ಕುಟುಂಬ ಪ್ರಾರ್ಥನೆಯಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಓದಬೇಡಿ, ಕಥೆಯ ಭಾಗವನ್ನೇ ಆರಿಸಿ, ಮುಂದೇನಾಗುತ್ತದೋ ಎನ್ನುವ ಕಡೆ ನಿಲ್ಲಿಸಿ. ಸರದಿಯ ಮೇಲೆ ಓದುವಾಗ ಚಿಕ್ಕವರು ತಡವರಿಸಿದರೆ ತಿದ್ದುವ ಆತುರ ಬೇಡ. ಓದು ಬಾರದ ಅಜ್ಜಿ ಇದ್ದರೆ ಅವರಿಗೆ ಓದಿ ಹೇಳುವ ಕೆಲಸ ಮೊಮ್ಮಗುವಿಗೆ ಕೊಡಿ. ನೆಹೆಮೀಯ 8ರಲ್ಲಿ ಎಜ್ರ ಬೆಳಗಿನಿಂದ ಮಧ್ಯಾಹ್ನದವರೆಗೆ ಓದಿದ್ದೂ ಜನ ಕಿವಿಯಿಂದಲೇ ಕೇಳಿದ್ದೂ ಜ್ಞಾಪಕವಿರಲಿ. ಅಲ್ಲಿ ಓದುವವರು ಅರ್ಥ ಬಿಡಿಸಿಯೂ ಹೇಳಿದರು.

ಇನ್ನು ಬೇರೆ ಪುಸ್ತಕಗಳು

‘ಸತ್ಯವೇದ ಒಂದೇ ಸಾಕು, ಬೇರೆ ಯಾಕೆ’ ಎನ್ನುವವರು 2 ತಿಮೊಥೆ 4:13 ನೋಡಲಿ. ಸಾವು ಹತ್ತಿರವಿದೆ, ಚಳಿಗಾಲ ಬರುತ್ತಿದೆ, ಪೌಲ ಕೇಳುವುದು ಮೇಲಂಗಿ ಮತ್ತು ಪುಸ್ತಕಗಳು, ಅದರಲ್ಲೂ ಮುಖ್ಯವಾಗಿ ಚರ್ಮದ ಹಾಳೆಗಳು. 386ರಲ್ಲಿ ಮಿಲಾನಿನ ತೋಟದಲ್ಲಿ, ಮುಂದೆ ಬಿಷಪ್ ಆದ ಅಗಸ್ಟೀನ್ ಪೌಲನ ಪತ್ರಿಕೆ ತೆರೆದು ಕಣ್ಣಿಗೆ ಬಿದ್ದ ರೋಮಾಪುರದವರಿಗೆ 13:13–14ನ್ನು ಓದಿ ಬದಲಾದ ಕಥೆಯನ್ನು ವಾಗ್ದಾನದ ಕಾರ್ಡಿನ ಪರವಾಗಿ ಹೇಳುವುದುಂಟು. ಅದಕ್ಕೆ ಮುಂಚೆ ಆತ ಮಿಲಾನಿನ ಬಿಷಪ್ ಆಂಬ್ರೋಸನ ಪ್ರಸಂಗಗಳನ್ನು ಕೇಳಿದ್ದ, ಪೌಲನನ್ನು ಓದುತ್ತಿದ್ದ, ಮನೆಗೆ ಬಂದವನೊಬ್ಬನ ಬಾಯಿಂದ ಸನ್ಯಾಸಿ ಅಂತೋಣಿಯ ಜೀವನವನ್ನೂ, ಆ ಚರಿತ್ರೆಯ ಪುಸ್ತಕ ಓದಿ ಇಬ್ಬರು ಅಧಿಕಾರಿಗಳು ಕೆಲಸ ಬಿಟ್ಟ ಸುದ್ದಿಯನ್ನೂ ಕೇಳಿ ಕಲಕಿಹೋಗಿದ್ದ. ನೆಲ ಉತ್ತಾಗಿತ್ತು.

ದಿನಕ್ಕೆ ಹತ್ತು ಪುಟ ಓದಿದರೆ ವರ್ಷಕ್ಕೆ 3,650 ಪುಟ, ಇನ್ನೂರು ಪುಟದ ಹದಿನೆಂಟು ಪುಸ್ತಕ. ಅಷ್ಟು ಬೇಡ, ಆರು ಸಾಕು: ಓದುತ್ತಿರುವ ಸತ್ಯವೇದದ ಪುಸ್ತಕಕ್ಕೆ ಒಂದು ವ್ಯಾಖ್ಯಾನ, ಒಂದು ಸಭೆಯ ಚರಿತ್ರೆ, ಎರಡು ಜೀವನಚರಿತ್ರೆ, ಪ್ರಾರ್ಥನೆಯ ಬಗ್ಗೆ ಒಂದು, ಆರನೆಯದು ಕನ್ನಡ ಸಾಹಿತ್ಯದ್ದು. ಜೀವನಚರಿತ್ರೆಯಲ್ಲಿ ನಮ್ಮ ನೆಲದವರೂ ಇರಲಿ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿ, ಹೀಬ್ರೂ ಗ್ರೀಕ್ ಕಲಿತು ಸತ್ಯವೇದವನ್ನು ಮರಾಠಿಗೆ ತಂದ ಪಂಡಿತಾ ರಮಾಬಾಯಿಯ ಬದುಕಿಗೆ ಯಾವ ವಿದೇಶಿ ಮಿಷನರಿಯ ಕಥೆಯೂ ಸಾಟಿಯಲ್ಲ. ಆರನೆಯದಕ್ಕೆ ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’. ಕ್ರೈಸ್ತರಲ್ಲದ ಕವಿಯೊಬ್ಬರು ಶಿಲುಬೆಯ ದಿನವನ್ನು ಕಂಡ ಬಗೆ ಅದು. ಶುಭ ಶುಕ್ರವಾರದ ಮಧ್ಯಾಹ್ನ ಗಟ್ಟಿಯಾಗಿ ಓದಬೇಕಾದದ್ದು.

ವ್ಯಾಖ್ಯಾನವನ್ನು ಅಧ್ಯಾಯ ಓದಿ, ನೋಟ್‌ಬುಕ್ಕಿನಲ್ಲಿ ಬರೆದ ಮೇಲೆ ತೆರೆಯಿರಿ. ಮೊದಲೇ ತೆರೆದರೆ ವ್ಯಾಖ್ಯಾನಕಾರನ ಕಣ್ಣಿಂದಲೇ ಎಲ್ಲವೂ ಕಾಣುತ್ತದೆ. ಕನ್ನಡದ ಕ್ರೈಸ್ತ ಪುಸ್ತಕಗಳಲ್ಲಿ ಅನುವಾದಗಳು ಬಹಳ, ಅವುಗಳಲ್ಲಿ ಕೆಲವು ಒರಟು. ಒಂದು ವಾಕ್ಯ ಮೂರು ಸಲ ಓದಿದರೂ ತಿಳಿಯದಿದ್ದರೆ ನಿಮ್ಮ ಭಕ್ತಿಯನ್ನು ಅನುಮಾನಿಸಬೇಡಿ, ಅನುವಾದಕನನ್ನು ಅನುಮಾನಿಸಿ.

ಕಳೆ ಕೀಳುವುದು

ಹೊಸ ಪುಸ್ತಕ ಕೈಗೆ ಬಂದಾಗ ಅರ್ಧ ಗಂಟೆಯ ಪರೀಕ್ಷೆ ಮಾಡಿ. ಲೇಖಕ ಯಾರು, ಯಾವ ಸಭೆಯವನು, ಯಾವ ವರ್ಷದ್ದು, ಅನುವಾದವಾದರೆ ಮೂಲ ಯಾವುದು ಎಂಬುದು ಅಚ್ಚಾಗಿದೆಯೇ ನೋಡಿ. ಮೊದಲ ಅಧ್ಯಾಯದಲ್ಲಿ ಕೊಟ್ಟಿರುವ ವಚನಗಳಲ್ಲಿ ಹತ್ತನ್ನು ಸತ್ಯವೇದದಲ್ಲಿ ತೆರೆದು, ಹಿಂದಿನ ಐದು, ಮುಂದಿನ ಐದು ವಚನ ಸೇರಿಸಿ ಓದಿ. ಹತ್ತರಲ್ಲಿ ಮೂರು ಪುಸ್ತಕ ಹೇಳಿದ್ದನ್ನು ಹೇಳದಿದ್ದರೆ ಮುಚ್ಚಿಡಿ. ಬೆರೋಯದವರು ಪೌಲನ ಮಾತನ್ನೇ ಹೀಗೆ ಪರೀಕ್ಷಿಸಿ ಹೊಗಳಿಸಿಕೊಂಡರು (ಕೃತ್ಯಗಳು 17:11).

ಕಾಣಿಕೆ ಕೊಟ್ಟರೆ ಇಷ್ಟು ಪಟ್ಟು ಬರುತ್ತದೆ ಎಂಬ ಪುಸ್ತಕ, ಔಷಧಿ ಬಿಡಿ ಎನ್ನುವ ಪುಸ್ತಕ, ಕರ್ತನ ಬರೋಣಕ್ಕೆ ತಾರೀಕು ಹಾಕುವ ಪುಸ್ತಕ ಇವಕ್ಕೆ ಅರ್ಧ ಗಂಟೆಯೂ ಬೇಡ. ಅಮೆರಿಕದಲ್ಲಿ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ಕ್ಕೆ ಕಾದು ಕೂತಿದ್ದರು, ದಿನ ಬಂತು, ಹೋಯಿತು. ಆ ದಿನ ಯಾರಿಗೂ ತಿಳಿಯದು ಎನ್ನುವ ಮಾರ್ಕ 13:32 ಓದಿದ್ದರೆ ಸಾಕಾಗಿತ್ತು.

ತಪ್ಪಿಹೋದಾಗ

ಮೂರು ದಿನ ತಪ್ಪಿದರೆ ಆ ಮೂರನ್ನು ಒಟ್ಟಿಗೆ ಓದಿ ಸಾಲ ತೀರಿಸಲು ಹೋಗಬೇಡಿ, ನಿಂತಲ್ಲಿಂದ ಇಂದಿನ ಅಧ್ಯಾಯ ಓದಿ. ಎರಡು ವಾರದ ಬಿಡುವು ಇರುವುದೇ ಅದಕ್ಕೆ. ಮೂರು ವಾರ ತಪ್ಪಿದರೆ ಎಲ್ಲಿ ನಿಂತಿತ್ತೋ ಆ ಪುಸ್ತಕದ ಮೊದಲಿಗೆ ಹಿಂತಿರುಗಿ ನಿಮ್ಮ ನೋಟ್‌ಬುಕ್ಕಿನ ಸಾಲುಗಳನ್ನಷ್ಟೇ ಓದಿಕೊಂಡು ಮುಂದುವರಿಯಿರಿ. ಮತ್ತೆ ಮತ್ತೆ ತಪ್ಪುತ್ತಿದ್ದರೆ ಮೊದಲು ಹೊತ್ತನ್ನು ಬದಲಿಸಿ ನೋಡಿ. ಬೆಳಗ್ಗೆ ಐದರ ಓದು ಎಲ್ಲರಿಗೂ ಹೇಳಿಮಾಡಿಸಿದ್ದಲ್ಲ, ರಾತ್ರಿ ಪಾಳಿಯ ನರ್ಸಿಗೆ ಮಧ್ಯಾಹ್ನ ಮೂರೇ ಬೆಳಗು. ಅದೂ ಆಗದಿದ್ದರೆ ಜೊತೆಗೊಬ್ಬರನ್ನು ಹುಡುಕಿ, ಅದೇ ಅಧ್ಯಾಯ ಅದೇ ದಿನ ಓದಿ, ಶನಿವಾರ ಹತ್ತು ನಿಮಿಷ ಫೋನಿನಲ್ಲಿ ನಾಲ್ಕನೆಯ ಸಾಲಿನ ಪ್ರಶ್ನೆಗಳನ್ನು ಒಬ್ಬರಿಗೊಬ್ಬರು ಓದಿ ಹೇಳಿ. ಇಬ್ಬರಿಗೂ ಉತ್ತರ ತಿಳಿಯದೆ ಉಳಿದದ್ದನ್ನು ಭಾನುವಾರ ಆರಾಧನೆ ಮುಗಿದ ಮೇಲೆ ಅಯ್ಯನವರ ಬಳಿಗೋ ಸ್ವಾಮಿಗಳ ಬಳಿಗೋ ಒಯ್ಯಿರಿ.